ಹೊಲದ ಹತ್ತಿ ಗೊಂಬೆಯ ಹೊಟ್ಟೆಗೆ ಬೇಡ

ರಾಯಚೂರಿನಲ್ಲಿ ಕುಳಿತು ಹದಿನೆಂಟು ವರ್ಷಗಳಿಂದ ಕ್ರೋಶಾ, ಅಂದರೆ ಕೊಕ್ಕೆಸೂಜಿಯಿಂದ ದಾರ ಹೆಣೆಯುವ ಕೆಲಸ, ಕಲಿಸುತ್ತಿದ್ದೇನೆ. ಮೊದಮೊದಲು ಬರುತ್ತಿದ್ದವರಿಗೆ ಸೀರೆಯ ಕುಚ್ಚು, ಬಾಗಿಲ ತೋರಣ, ಟಿ.ವಿ. ಮೇಲಿನ ಹೊದಿಕೆ ಸಾಕಾಗಿತ್ತು. ಈಗ ಎಲ್ಲರಿಗೂ ಗೊಂಬೆ ಬೇಕು. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ. ಮತ್ತೆ ಯಾರೂ ಕೇಳಬಾರದೆಂದು ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಸರಪಳಿ ಹಾಕುವುದು ಹೇಗೆ, ಸೂಜಿ ಹಿಡಿಯುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ನಿಮ್ಮ ಓಣಿಯಲ್ಲಿ ಕುಚ್ಚು ಕಟ್ಟುವವರೊಬ್ಬರು ಇದ್ದೇ ಇರುತ್ತಾರೆ, ಅರ್ಧ ಗಂಟೆ ಅವರ ಎದುರು ಕುಳಿತುಕೊಳ್ಳಿ.

ಪ್ರಶ್ನೆ: ನಮ್ಮ ಹೊಲದಲ್ಲೇ ಹತ್ತಿ ಬೆಳೆಯುತ್ತೇವೆ. ಗೊಂಬೆಗೆ ತುಂಬಲು ಅಂಗಡಿಯಿಂದ ಪಾಲಿಯೆಸ್ಟರ್ ಏಕೆ ತರಬೇಕು? ನಮ್ಮ ಹತ್ತಿಯಾದರೆ ನೈಸರ್ಗಿಕ, ಮಗುವಿಗೂ ಒಳ್ಳೆಯದಲ್ಲವೇ? ನಮ್ಮ ಅಜ್ಜಿಯ ಕಾಲದಿಂದ ಗಾದಿ, ದಿಂಬು ಎಲ್ಲವೂ ಹತ್ತಿಯವೇ. ಯಾರಿಗೂ ಏನೂ ಆಗಿಲ್ಲ. (ಮಾನ್ವಿಯ ಓದುಗರು)

ಉತ್ತರ: ಅಜ್ಜಿಯನ್ನು ನಡುವೆ ತಂದಿದ್ದೀರಿ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನಿಮ್ಮ ಅಜ್ಜಿ ಗಾದಿಯನ್ನು ಎಂದಾದರೂ ಬಕೆಟ್ಟಿನಲ್ಲಿ ಮುಳುಗಿಸಿ ಒಗೆದಿದ್ದರೇ? ಇಲ್ಲ. ಒಗೆಯುತ್ತಿದ್ದುದು ಮೇಲಿನ ಗವಸನ್ನು. ಗಾದಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದರು. ಗಂಟುಗಟ್ಟಿದಾಗ ಪಿಂಜಾರರನ್ನು ಕರೆಸಿ ಬಿಚ್ಚಿಸಿ, ಹಿಂಜಿಸಿ, ಮತ್ತೆ ತುಂಬಿಸುತ್ತಿದ್ದರು. ಹತ್ತಿ ಗಂಟುಗಟ್ಟುವ ವಸ್ತು ಎಂದು ಗೊತ್ತಿದ್ದರಿಂದಲೇ ಆ ಏರ್ಪಾಟು ಇತ್ತು. ಗೊಂಬೆಗೆ ಗವಸು ಇಲ್ಲ. ಮಗು ಅದನ್ನು ಬಾಯಿಗೆ ಹಾಕುತ್ತದೆ, ಅದರ ಮೇಲೆ ಹಾಲು ಚೆಲ್ಲುತ್ತದೆ, ಅಂಗಳದ ಮಣ್ಣಿನಲ್ಲಿ ಎಳೆದಾಡುತ್ತದೆ. ತಾಯಿ ಇಡೀ ಗೊಂಬೆಯನ್ನು ನೀರಿಗೆ ಹಾಕುತ್ತಾಳೆ. ಆಮೇಲೆ ಆ ಗೊಂಬೆಯನ್ನು ಹಿಂಜುವವರು ಯಾರು?

ಹತ್ತಿ ಗಾಳಿಯಲ್ಲಿನ ತೇವವನ್ನೇ ತನ್ನ ತೂಕದ ಸುಮಾರು 8 ಶೇಕಡಾದಷ್ಟು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಶೇಕಡಾವನ್ನೂ ಹೀರುವುದಿಲ್ಲ. ಇನ್ನು ನೀರಿಗೇ ಅದ್ದಿದರೆ ಹೇಳಬೇಕಾಗಿಲ್ಲ. ಹತ್ತಿ ತುಂಬಿದ ಗೊಂಬೆ ನಮ್ಮ ಏಪ್ರಿಲ್ ಬಿಸಿಲಿನಲ್ಲೂ ಮೇಲೆ ಒಣಗಿರುತ್ತದೆ, ನಡುಹೊಟ್ಟೆಯಲ್ಲಿ ಒದ್ದೆಯಾಗಿಯೇ ಇರುತ್ತದೆ. ಶ್ರಾವಣದ ಮೋಡದ ದಿನಗಳಲ್ಲಂತೂ ಒಳಗೇ ಬೂಷ್ಟು ಹಿಡಿಯುತ್ತದೆ. ಔಷಧಿ ಅಂಗಡಿಯ ಸುರುಳಿ ಹತ್ತಿ ಶುದ್ಧವಲ್ಲವೇ ಎಂದು ಇನ್ನು ಕೆಲವರು ಕೇಳಿದ್ದಾರೆ. ಅದು ಇನ್ನೂ ಕೆಟ್ಟದ್ದು. ಎಳೆಯ ಮೇಲಿನ ಮೇಣವನ್ನು ತೆಗೆದಿರುವುದೇ ಅದು ಬೇಗ ನೀರು ಹೀರಲಿ ಎಂದು.

ಈಗ ನಿಮ್ಮ ಹೊಲದ ಹತ್ತಿಗೆ ಬರುತ್ತೇನೆ. ಗಿಡದಿಂದ ಬಿಡಿಸಿ ತಂದದ್ದರಲ್ಲಿ ಅರಳೆ ಇರುವುದು ಸುಮಾರು ಮೂರನೆಯ ಒಂದು ಭಾಗ, ಉಳಿದದ್ದು ಬಹುಪಾಲು ಬೀಜವೇ. ಕೈಯಿಂದ ಬೀಜ ಬಿಡಿಸುತ್ತೇನೆ ಎನ್ನುವವರ ಗೊಂಬೆಗಳನ್ನು ಹಿಸುಕಿ ನೋಡಿದ್ದೇನೆ, ಬೆರಳಿಗೆ ಬೀಜ ಸಿಗದ ಒಂದೂ ಇರಲಿಲ್ಲ. ಅದು ಎಣ್ಣೆ ತೆಗೆಯುವ ಬೀಜ. ಮೂರು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬರು ಬಿಳಿ ಮೊಲವೊಂದನ್ನು ನನ್ನ ಬಳಿ ತಂದರು. ತಂಗಿಯ ಮಗುವಿಗೆ ಮಾಡಿಕೊಟ್ಟದ್ದು, ನಾಲ್ಕು ತಿಂಗಳಾಗಿತ್ತು. ಮೊಲದ ಬೆನ್ನಿನ ಮೇಲೆ ಚಹಾ ಚೆಲ್ಲಿದಂತೆ ಹಳದಿ ಕಲೆಗಳು. ಎರಡು ಸಲ ಸಾಬೂನು ಹಾಕಿ ತಿಕ್ಕಿದರೂ ಹೋಗಿರಲಿಲ್ಲ. ಕುತ್ತಿಗೆಯ ಹೊಲಿಗೆ ಬಿಚ್ಚಿದೆ. ಮೂಗಿಗೆ ಬಡಿದದ್ದು ದನಗಳಿಗೆ ನೆನೆಹಾಕಿದ ಹತ್ತಿ ಹಿಂಡಿಯ ವಾಸನೆ. ಹತ್ತಿ ಒಂದೇ ಮುದ್ದೆಯಾಗಿ ಕೆಳಗೆ ಕುಳಿತಿತ್ತು, ಎದೆಯ ಭಾಗ ಪೊಳ್ಳು. ಮುದ್ದೆಯನ್ನು ಬಿಡಿಸಿದಾಗ ಎರಡು ಬೀಜಗಳು ಒಂದಕ್ಕೊಂದು ಅಂಟಿಕೊಂಡದ್ದು ಸಿಕ್ಕಿತು. ಉಗುರಿನಿಂದ ಬಿಡಿಸಿದೆ. ನಡುವೆ ಅಕ್ಕಿಕಾಳಿಗಿಂತ ತುಸು ಉದ್ದದ ಗುಲಾಬಿ ಬಣ್ಣದ ಹುಳು ಮಡಚಿಕೊಂಡು ಮಲಗಿತ್ತು. ಹತ್ತಿ ಬೆಳೆಯುವ ನಿಮಗೆ ಅದರ ಪರಿಚಯ ಮಾಡಿಸಬೇಕೇ? ಗುಲಾಬಿ ಕಾಯಿಕೊರಕ ಹೀಗೆ ಎರಡು ಬೀಜಗಳನ್ನು ಅಂಟಿಸಿಕೊಂಡು ತಿಂಗಳುಗಟ್ಟಲೆ ಒಳಗೇ ಮಲಗಿರಬಲ್ಲದು. ಆ ಮೊಲದ ಕಿವಿಯನ್ನು ಮಗು ದಿನವೂ ಚೀಪುತ್ತಿತ್ತು.

ಜಿನ್ನಿಂಗ್ ಮಿಲ್ಲಿನಿಂದ ಬೀಜ ತೆಗೆದ ಅರಳೆ ತಂದರೆ ಆಗುತ್ತದೆಯೇ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಎಣ್ಣೆಯ ಕಲೆ, ಹುಳು ಎರಡೂ ತಪ್ಪಬಹುದು; ಮುದ್ದೆಯಾಗುವುದು, ಒಣಗದಿರುವುದು ತಪ್ಪುವುದಿಲ್ಲ. ಅದಕ್ಕೂ ಮಿಗಿಲಾಗಿ, ಒಂದು ಹಂಗಾಮಿನಲ್ಲಿ ಹತ್ತಿಗೆ ಎಷ್ಟು ಸಲ ಔಷಧ ಹೊಡೆಯುತ್ತೀರಿ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಟ್ಟೆಯಾಗುವ ಹತ್ತಿಯನ್ನು ಕುದಿಸಿ, ತೊಳೆದು, ಬಿಳುಪು ಮಾಡಿರುತ್ತಾರೆ. ನೀವು ತುಂಬುವ ಅರಳೆಗೆ ಇದಾವುದೂ ಆಗಿಲ್ಲ. ಹೊಲದಿಂದ ಬಂದದ್ದೆಲ್ಲ ಶುದ್ಧ ಎಂಬ ಮಾತನ್ನು ಪಟ್ಟಣದವರು ಹೇಳಿದರೆ ನಕ್ಕು ಸುಮ್ಮನಾಗುತ್ತೇನೆ, ರೈತರ ಮನೆಯವರೇ ಹೇಳಿದರೆ ಸಿಟ್ಟು ಬರುತ್ತದೆ. ಬೂರುಗದ ಹತ್ತಿಯ ಮಾತೇ ಬೇಡ. ಆ ಎಳೆ ನುಣುಪಾಗಿ, ಗಿಡ್ಡವಾಗಿ ಇರುವುದರಿಂದ ಕ್ರೋಶಾದ ಸಂದಿಗಳಿಂದ ಹೊರಗೆ ಹಾರಿ ಮಗುವಿನ ಮೂಗು ಸೇರುತ್ತದೆ.

ಹಾಗಾದರೆ ಏನು ತುಂಬಬೇಕು? ಪಾಲಿಯೆಸ್ಟರ್ ನಾರು. ಅಂಗಡಿಯಲ್ಲಿ ರೆಕ್ರಾನ್ ಎಂದು ಕೇಳಿ. ಅದು ಒಂದು ಕಂಪನಿಯ ಮಾಲಿನ ಹೆಸರು, ಆದರೆ ನಮ್ಮ ಕಡೆ ಎಲ್ಲ ಬಗೆಯದಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಅದು ಪ್ಲಾಸ್ಟಿಕ್ಕೇ, ಅಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹುಳು ಹಿಡಿಯದ, ಒಗೆದ ದಿನವೇ ಒಣಗುವ ಪ್ಲಾಸ್ಟಿಕ್. ಕೊಳ್ಳುವ ಮೊದಲು ಒಂದು ಹಿಡಿಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಹೂವು ಅರಳಿದಂತೆ ಮತ್ತೆ ಉಬ್ಬಬೇಕು. ಮುದುಡಿಯೇ ಉಳಿದರೆ, ಬಣ್ಣ ಬೂದಿಯಂತಿದ್ದರೆ, ನಡುವೆ ಬಣ್ಣದ ಚೂರುಗಳು ಕಂಡರೆ ಹಿಂದಿರುಗಿಸಿ. ಒಂದು ಗೇಣು ಎತ್ತರದ ಮೊಲಕ್ಕೆ 40ರಿಂದ 50 ಗ್ರಾಂ ಸಾಕು. ಇಷ್ಟಕ್ಕಾಗಿ ಆರು ತಿಂಗಳಿಂದ ನನಗೆ ಪತ್ರ ಬರೆಯುತ್ತಿದ್ದೀರಿ.

ತುಂಬುವುದರಲ್ಲೂ ಒಂದು ರೀತಿ ಇದೆ. ಮುಷ್ಟಿ ಮುಷ್ಟಿ ತುರುಕಬೇಡಿ. ಚಿಟಿಕೆಯಷ್ಟು ತೆಗೆದು ಬೆರಳಿನಿಂದ ಹಿಂಜಿ, ಮೊದಲು ಒಳಗೋಡೆಯ ಸುತ್ತ ಹಾಸಿ, ಆಮೇಲೆ ನಡುವೆ ತುಂಬಿ. ಒತ್ತಲು ಹಳೆಯ ಪೆನ್ನಿನ ಹಿಂಬದಿ ಸಾಕು, ಚೂಪಾದದ್ದು ಬೇಡ. ಮೈಯನ್ನು ಬೆಳಕಿಗೆ ಹಿಡಿದಾಗ ಹೊಲಿಗೆಗಳು ಬಾಯಿ ಬಿಟ್ಟಿದ್ದರೆ ಹೆಚ್ಚಾಯಿತು ಎಂದು ಅರ್ಥ, ಸ್ವಲ್ಪ ತೆಗೆಯಿರಿ. ಕುತ್ತಿಗೆಯಲ್ಲಿ ಮಾತ್ರ ಗಟ್ಟಿಯಾಗಿ ತುಂಬಬೇಕು. ಗೊಂಬೆಯ ತಲೆ ಜೋತುಬೀಳುವುದು ಅಲ್ಲಿ ಕಡಿಮೆಯಾದಾಗ. ತಲೆ ನಿಲ್ಲಲೆಂದು ಒಳಗೆ ಪೊರಕೆಯ ಕಡ್ಡಿ ಇಟ್ಟವರನ್ನು ನೋಡಿದ್ದೇನೆ. ಒಂದಲ್ಲ ಒಂದು ದಿನ ಅದು ಹೊರಗೆ ಬರುತ್ತದೆ, ಮಗುವಿನ ಕಣ್ಣು ಅಲ್ಲೇ ಹತ್ತಿರ ಇರುತ್ತದೆ.

ನಿಮ್ಮ ಹತ್ತಿಯ ಮೇಲೆ ಅಷ್ಟು ಪ್ರೀತಿ ಇದ್ದರೆ ಬಾಗಿಲ ತೋರಣದ ಗಿಳಿಗಳಿಗೆ ತುಂಬಿ, ಮಿಲ್ಲಿನಲ್ಲಿ ಬೀಜ ತೆಗೆಸಿದ್ದನ್ನು. ಅವುಗಳನ್ನು ಯಾರೂ ಚೀಪುವುದಿಲ್ಲ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಬಟ್ಟೆಯ ಚೂರು ಚೀಲಗಟ್ಟಲೆ ಸಿಗುತ್ತದೆ. ಅದನ್ನು ತುಂಬಬಹುದೇ?

ಉತ್ತರ: ಒಗೆದಾಗ ನೀಲಿ ಬಣ್ಣ ಮೊಲದ ಮೈಗೆ ಇಳಿಯುತ್ತದೆ. ಕೌದಿ ಹೊಲಿಯಿರಿ.

ಪ್ರಶ್ನೆ: ಮೊಬೈಲಿನಲ್ಲಿ ಕ್ರೋಶಾ ಕೋರ್ಸ್ ಮಾರುವವರೊಬ್ಬರು ಬಜೆ, ಕರ್ಪೂರ, ಓಮ ಸೇರಿಸಿ ತುಂಬಿದ ಗೊಂಬೆಯನ್ನು ಹಸುಗೂಸಿನ ಪಕ್ಕ ಇಟ್ಟರೆ ನೆಗಡಿ ಬರುವುದಿಲ್ಲ ಎನ್ನುತ್ತಾರೆ. ಉಡುಗೊರೆಗೆ ಒಳ್ಳೆಯ ವಿಚಾರವಲ್ಲವೇ? (ಕೊಪ್ಪಳ)

ಉತ್ತರ: ಅಲ್ಲ. ಹೀಗೆ ಹೇಳುವವರಿಗೆ ಕ್ರೋಶಾವೂ ಗೊತ್ತಿಲ್ಲ, ವೈದ್ಯವೂ ಗೊತ್ತಿಲ್ಲ. ಕರ್ಪೂರ ಹಸುಳೆಯ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು. ಕ್ರೋಶಾ ಎಂದರೆ ತೂತುಗಳ ಬಟ್ಟೆ, ಒಳಗಿನದು ಹೊರಗೆ ಬಂದೇ ಬರುತ್ತದೆ. ಹುಳು ಹಿಡಿಯದಿರಲೆಂದು ನುಸಿಗುಳಿಗೆ ಹಾಕುವವರೂ ಇದ್ದಾರೆ. ನಾಫ್ತಲೀನ್ ಇರುವ ಗುಳಿಗೆ ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ, ಯಾವ ಮಗುವಿಗೆ ಆ ತೊಂದರೆ ಇದೆ ಎಂದು ನೋಡಿದರೆ ತಿಳಿಯುವುದಿಲ್ಲ. ಅದೂ ಅಲ್ಲದೆ, ಒಂದು ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಮೆತ್ತನೆಯ ಗೊಂಬೆಯನ್ನೇ ಇಡಬಾರದು, ಮುಖದ ಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ. ನಾನು ಮಾಡಿದ ಗೊಂಬೆಗೂ ಇದೇ ಮಾತು. ತೊಟ್ಟಿಲ ಶಾಸ್ತ್ರಕ್ಕೆ ಉಡುಗೊರೆ ಕೊಡಲೇಬೇಕೆಂದರೆ ಕುಲಾವಿ ಹೆಣೆದುಕೊಡಿ.

ಪ್ರಶ್ನೆ: ಗೊಂಬೆಗೆ ಕಣ್ಣು ಅಂಟಿಸಲು ಗ್ಲೂ ಗನ್ ಒಳ್ಳೆಯದೋ, ಬಟ್ಟೆಯ ಗೋಂದು ಒಳ್ಳೆಯದೋ? (ಸಿಂಧನೂರು)

ಉತ್ತರ: ಎರಡೂ ಬೇಡ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಗೊಂಬೆ ಬಿಟ್ಟು ಬನ್ನಿ, ಗ್ಲೂ ಗನ್ನಿನ ಅಂಟು ಮೆತ್ತಗಾಗಿ ಕಣ್ಣು ಕೈಗೆ ಬರುತ್ತದೆ. ಹಿಂದೆ ಬಿಲ್ಲೆ ಸಿಕ್ಕಿಸುವ ಪ್ಲಾಸ್ಟಿಕ್ ಕಣ್ಣಿಗೆ 'ಸೇಫ್ಟಿ ಐ' ಎಂದು ಹೆಸರಿಟ್ಟಿದ್ದಾರೆ, ಹೆಸರು ನೋಡಿ ಮರುಳಾಗಬೇಡಿ. ಬಿಲ್ಲೆ ಕಳಚುವುದಿಲ್ಲ, ನಿಜ. ಆದರೆ ಮಗು ಕಚ್ಚಿ ಎಳೆದಾಗ ಹೊಲಿಗೆ ಹಿಗ್ಗಿ ಬಿಲ್ಲೆಯ ಸಮೇತ ಕಣ್ಣು ಹೊರಬರುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಕಪ್ಪು ದಾರದಿಂದ ಕಣ್ಣು ಕಸೂತಿ ಮಾಡಿ. ಮಣಿ, ಗುಂಡಿ, ಗೆಜ್ಜೆ ಯಾವುದೂ ಬೇಡ. ಚಂದ ಕಾಣುವುದಿಲ್ಲ ಎಂದು ಬರೆದವರಿಗೆ ನನ್ನ ಬಳಿ ಉತ್ತರವಿಲ್ಲ.

ಪ್ರಶ್ನೆ: ವಿಡಿಯೋ ನೋಡಿ ಆನೆಯ ತಲೆ ಮಾಡಿದೆ. ಸೋರೆಕಾಯಿಯಂತಾಗಿದೆ. ಸಂದಿಯಿಂದ ಒಳಗಿನದೂ ಕಾಣುತ್ತದೆ. (ಲಿಂಗಸುಗೂರು)

ಉತ್ತರ: ನೀವು ಕಳುಹಿಸಿದ ಚಿತ್ರದಲ್ಲಿ ಒಂದೊಂದು ಸುತ್ತಿನ ಹೊಲಿಗೆ ಎಣಿಸಿದೆ. ಆರು, ಹನ್ನೆರಡು, ಆಮೇಲೆ ಎಲ್ಲ ಸುತ್ತೂ ಹನ್ನೆರಡೇ. ಚೆಂಡು ಆಗಬೇಕಾದರೆ ಪ್ರತಿ ಸುತ್ತಿಗೆ ಆರು ಹೆಚ್ಚಬೇಕು: 6, 12, 18, 24, 30. ಬೇಕಾದ ಅಗಲ ಬಂದ ಮೇಲೆ ಹೆಚ್ಚಿಸದೆ ಕೆಲವು ಸುತ್ತು, ಅನಂತರ ಹಾಗೆಯೇ ಆರಾರು ಕಡಿಮೆ. ಸುತ್ತಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಕೊಂಡರೆ ಎಣಿಕೆ ತಪ್ಪುವುದಿಲ್ಲ. ವಿಡಿಯೋ ಅಮೆರಿಕದವರದ್ದೋ ಬ್ರಿಟನ್ನಿನವರದ್ದೋ ಎಂದೂ ನೋಡಿ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವ ಗಿಡ್ಡ ಹೊಲಿಗೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ, ಇದನ್ನು ತಿಳಿಯದೆ ಉದ್ದನೆಯ ಹೊಲಿಗೆ ಹಾಕಿದರೆ ಆನೆ ಬಲೆಯಾಗುತ್ತದೆ. ಗೊಂಬೆಯ ಕೆಲಸಕ್ಕೆ ಸೂಜಿ ದಾರದ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಒಂದೆರಡು ಅಳತೆ ಸಣ್ಣದಿರಬೇಕು. ನಾನು ಹೆಚ್ಚಾಗಿ ಬಳಸುವುದು 2.5 ಮಿ.ಮೀ. ಕಡಿಮೆ ಮಾಡುವಾಗ ಎರಡು ಹೊಲಿಗೆಗಳ ಮುಂದಿನ ಎಳೆಗಳನ್ನಷ್ಟೇ ಸೂಜಿಗೆ ತೆಗೆದುಕೊಂಡರೆ ತೂತು ಕಾಣುವುದಿಲ್ಲ. ಕೈ ನೋಯುತ್ತದೆ. ನೋಯಲಿ.

ಪ್ರಶ್ನೆ: ಗರ್ಭಿಣಿ ಗ್ರಹಣದ ದಿನ ಕ್ರೋಶಾ ಸೂಜಿ ಹಿಡಿಯಬಹುದೇ?

ಉತ್ತರ: ಹಿಡಿಯಬಹುದು. ಗ್ರಹಣಕ್ಕೂ ಸೂಜಿಗೂ ಸಂಬಂಧವಿಲ್ಲ.

ಪ್ರಶ್ನೆ: ಇದನ್ನು ಮಾಡುವ ಯಂತ್ರ ಎಷ್ಟಕ್ಕೆ ಸಿಗುತ್ತದೆ?

ಉತ್ತರ: ಕೈ ಕ್ರೋಶಾದ ಗೊಂಬೆ ಮಾಡಿಕೊಡುವ ಯಂತ್ರ ಮಾರುಕಟ್ಟೆಯಲ್ಲಿ ಇಲ್ಲ. ಇದೆ ಎಂದು ಮುಂಗಡ ಕೇಳುವವರಿಗೆ ಹಣ ಹಾಕಬೇಡಿ.

ಪ್ರಶ್ನೆ: ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗೊಂಬೆ ಮಾರಬೇಕೆಂದಿದ್ದೇನೆ. ಐ.ಎಸ್.ಐ. ಗುರುತು ಬೇಕು ಎಂದು ಯಾರೋ ಹೆದರಿಸಿದರು. ಬೆಲೆಯನ್ನೂ ತಿಳಿಸಿ.

ಉತ್ತರ: ಹೆದರಿಸಿದವರು ಅರ್ಧ ಸತ್ಯ ಹೇಳಿದ್ದಾರೆ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಗೊಂಬೆಗಳಿಗೆ ವಿನಾಯಿತಿ ಇದೆ. ಆ ನೋಂದಣಿಗೆ 'ಪೆಹಚಾನ್' ಎಂಬ ಗುರುತಿನ ಚೀಟಿ ಕೊಡುತ್ತಾರೆ, ಮಾರುವ ಮನಸ್ಸಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ನಿಮ್ಮ ಪಕ್ಕದ ಕಿನ್ನಾಳದ ಮರದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ವಿನಾಯಿತಿಗೆ ಅವರ ದಾರಿ ಬೇರೆ. 'ಇದು ಆಟಿಕೆಯಲ್ಲ, ಕೀಲಿಕೈ ಗೊಂಚಲು' ಎಂದು ಚೀಟಿ ಹಚ್ಚಿ ಜಾರಿಕೊಳ್ಳುವವರೂ ಇದ್ದಾರೆ. ಕರಡಿಯ ಮುಖ ಇದ್ದರೆ ಮಗು ಚೀಟಿ ಓದಿ ಬಿಡುವುದಿಲ್ಲ.

ಬೆಲೆಗೆ 'ದಾರದ ದುಡ್ಡಿನ ಎರಡರಷ್ಟು' ಎಂಬ ಲೆಕ್ಕವನ್ನು ಯಾರು ಹಬ್ಬಿಸಿದರೋ ತಿಳಿಯದು. 60 ರೂಪಾಯಿಯ ದಾರದಿಂದ ಆರು ಗಂಟೆ ಕುಳಿತು ಆನೆ ಮಾಡಿ 120ಕ್ಕೆ ಕೊಟ್ಟರೆ ನಿಮ್ಮ ಕೈಗೆ ಗಂಟೆಗೆ ಹತ್ತು ರೂಪಾಯಿ ಬಂತು. ಕಳೆ ಕೀಳಲು ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ. ಗಂಟೆಯ ಕೂಲಿ ಮೊದಲು ಹಾಕಿ, ಅದರ ಮೇಲೆ ದಾರ. ಅಷ್ಟು ದುಡ್ಡಿಗೆ ಬಜಾರಿನಲ್ಲಿ ಮೂರು ಬರುತ್ತವೆ ಎನ್ನುವ ನೆಂಟರಿಗೆ ಬಜಾರಿನ ದಾರಿ ತೋರಿಸಿ.

ಪ್ರಶ್ನೆ: ನಮ್ಮ ಕಡೆ ಹತ್ತಿ ಇಲ್ಲ. ಗೊಂಬೆಗೆ ಭತ್ತದ ಹೊಟ್ಟು ತುಂಬಬಹುದೇ? (ಗಂಗಾವತಿ)

ಉತ್ತರ: ಮಾನ್ವಿಯವರಿಗೆ ಕೊಟ್ಟ ಉತ್ತರವನ್ನು ಮೊದಲಿನಿಂದ ಓದಿ.