ಅವರೇ ಮತ್ತೆ ಮತ್ತೆ ಏಕೆ ಬರುತ್ತಾರೆ?

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿರ್ಗತಿಕ ಹೆಂಗಸರಿಗೂ ಅವರ ಮಕ್ಕಳಿಗೂ ಊಟ ಬಡಿಸುವ ಸೇವಾಸಂಸ್ಥೆಯೊಂದಕ್ಕೆ ಮೂರು ವರ್ಷಗಳಿಂದ ವಾರಕ್ಕೊಂದು ಸಂಜೆ ಹೋಗುತ್ತಿದ್ದೀರಿ. ಸಾಲಿನಲ್ಲಿ ಅವೇ ಮುಖಗಳನ್ನು ಕಂಡು ನಿಮ್ಮ ಮನಸ್ಸು ದಣಿದಿದೆ. "ನಾವು ಹಸಿವು ನೀಗಿಸುತ್ತಿದ್ದೇವೆಯೋ, ಕೈಯೊಡ್ಡುವ ಅಭ್ಯಾಸ ಬೆಳೆಸುತ್ತಿದ್ದೇವೆಯೋ? ಕೆಲಸದ ತರಬೇತಿಗೆ ಹೆಸರು ಕೊಟ್ಟವರಿಗೆ ಮಾತ್ರ ಊಟ ಎಂದು ನಿಯಮ ಮಾಡಬಾರದೇಕೆ?" ಎಂದು ಕೇಳಿದ್ದೀರಿ.

ದಯವಿಟ್ಟು ಆ ನಿಯಮ ಮಾಡಬೇಡಿ. ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ.

ಬಹಳ ವರ್ಷಗಳ ಹಿಂದೆ ವರದಿಗೆಂದು ಹೋಗಿ, ಮಹಿಳೆಯರ ರಾತ್ರಿ ವಸತಿಯೊಂದರ ನೋಂದಣಿ ಮೇಜಿನ ಪಕ್ಕದಲ್ಲಿ ಒಂದು ಸಂಜೆ ಕುಳಿತಿದ್ದೆ. ಒಬ್ಬ ತಾಯಿ ಇಬ್ಬರು ಮಕ್ಕಳೊಂದಿಗೆ ಬಂದಳು. ಚಿಕ್ಕವಳು ಹುಡುಗಿ, ದೊಡ್ಡವನಿಗೆ ಮೀಸೆ ಚಿಗುರುತ್ತಿತ್ತು. ತಾಯಿಗೂ ಮಗಳಿಗೂ ಜಾಗವಿದೆ, ಹುಡುಗ ಗಂಡಸರ ವಸತಿಗೆ ಹೋಗಬೇಕು ಎಂದರು. ಅವಳು ವಾದಿಸಲಿಲ್ಲ. ಮೇಜಿನ ಮೇಲಿಟ್ಟಿದ್ದ ಕಾಗದಪತ್ರಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು, ಎರಡು ಗಂಟು ಹಾಕಿದಳು. "ಇವನ್ನಾದರೂ ಇಲ್ಲಿ ಇಟ್ಟುಕೊಳ್ಳುತ್ತೀರಾ? ಮಳೆ ಬರುವ ಹಾಗಿದೆ" ಎಂದಳು. ಅದಕ್ಕೂ ನಿಯಮದಲ್ಲಿ ಅವಕಾಶವಿರಲಿಲ್ಲ. ಮೂವರೂ ಹೊರಟುಹೋದರು. ಆ ಸಂಜೆ ಅಲ್ಲಿ ಊಟವಿತ್ತು, ಖಾಲಿ ಹಾಸಿಗೆಗಳೂ ಇದ್ದವು.

ಮರುದಿನ ಅವಳು ನಿಮ್ಮಂಥವರ ಸಾಲಿನಲ್ಲಿ ನಿಂತಿದ್ದರೆ, ಅದರ ಮರುದಿನವೂ ನಿಂತಿದ್ದರೆ, ಅದನ್ನು ಅಭ್ಯಾಸ ಎನ್ನಲು ನನಗೆ ಮನಸ್ಸು ಬಾರದು. ನೀವು ಬಡಿಸಿದ ಊಟ ಬೆಳಗಿನ ಹೊತ್ತಿಗೆ ಕರಗಿಹೋಗುತ್ತದೆ. ಒಲೆಯಿಲ್ಲದವಳಿಗೆ ದವಸದ ಚೀಲ ಕೊಟ್ಟರೆ ಅವಳು ಅದನ್ನು ಎಲ್ಲಿ ಬೇಯಿಸಬೇಕು? ಸ್ನಾನಕ್ಕೆ ಜಾಗವಿಲ್ಲದವಳು ಬೆಳಗ್ಗೆ ಕೆಲಸಕ್ಕೆ ಹೇಗೆ ಹೋಗಬೇಕು, ಅರ್ಜಿಯಲ್ಲಿ ಯಾವ ವಿಳಾಸ ಬರೆಯಬೇಕು, ಮಗುವನ್ನು ಯಾರ ಕೈಗೆ ಕೊಡಬೇಕು? ಸೂರಿಲ್ಲದವರಿಗೆ ಹಸಿವು ದಿನವೂ ಹೊಸದಾಗಿ ಹುಟ್ಟುತ್ತದೆ. ಅವರು ಮತ್ತೆ ಮತ್ತೆ ಬರುವುದು ಅದಕ್ಕೆ.

ಅದರಲ್ಲೂ ಹೆಂಗಸರ ನೆಲೆಯಿಲ್ಲದ ಬದುಕು ಕಣ್ಣಿಗೆ ಬೀಳುವುದೇ ಇಲ್ಲ. ಭಯದಿಂದಾಗಿ ಅವರು ಬಯಲಲ್ಲಿ ಮಲಗುವುದು ಕಡಿಮೆ. ನೆಂಟರ ಮನೆಯ ಮೂಲೆಯಲ್ಲಿ ಮುಖ ಮುದುಡಿಕೊಂಡು ಇರುತ್ತಾರೆ, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತಿರುತ್ತಾರೆ, ಹೊಡೆಯುವವನ ಮನೆಗೇ ಮರಳುತ್ತಾರೆ. ಬೀದಿಯಲ್ಲಿ ಮಲಗಿದವರ ತಲೆ ಎಣಿಸುವ ಯಾವ ಗಣತಿಗೂ ಇವರು ಸಿಗುವುದಿಲ್ಲ. 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಹೊಡೆತ ತಿಂದ ಹೆಂಗಸರಿಗಾಗಿ ಒಂದು ಆಶ್ರಯಮನೆ ತೆರೆದಾಗ, ಅದು ಬಹುಬೇಗ ತಾಯಂದಿರಿಂದಲೂ ಮಕ್ಕಳಿಂದಲೂ ತುಂಬಿ ತುಳುಕಿತು. ಬಾಗಿಲು ತೆರೆದ ಮೇಲಷ್ಟೇ ಹೊರಗೆ ಎಷ್ಟು ಜನರಿದ್ದರು ಎಂಬುದು ಲೋಕಕ್ಕೆ ತಿಳಿಯಿತು.

ಮೊದಲು ಅರ್ಹತೆ, ಆಮೇಲೆ ನೆರವು ಎಂಬ ನಿಮ್ಮ ಯೋಚನೆ ಹಳೆಯದು. ಹೆಚ್ಚಿನ ವಸತಿ ಯೋಜನೆಗಳು ಹಾಗೆಯೇ ನಡೆಯುತ್ತಿದ್ದವು: ಕುಡಿತ ಬಿಡು, ಚಿಕಿತ್ಸೆ ಪಡೆ, ಕೆಲಸ ಹುಡುಕು, ಕೊನೆಗೆ ಮನೆ. ಫಿನ್ಲೆಂಡ್ 2008ರಿಂದ ಈ ಕ್ರಮವನ್ನು ತಿರುಗಿಸಿತು. ಮೊದಲು ಬಾಡಿಗೆ ಕರಾರಿನ ಮನೆ ಮತ್ತು ಅದರ ಬೀಗದ ಕೈ; ಉಳಿದ ನೆರವು ಆ ಮನೆಗೇ ಬರುತ್ತದೆ. ರಾತ್ರಿ ವಸತಿಗಳನ್ನು ಬಾಡಿಗೆ ಮನೆಗಳಾಗಿ ಮಾರ್ಪಡಿಸಿದರು. ಸರ್ಕಾರ ಹಣ ಹಾಕಿತು, ದತ್ತಿ ಪ್ರತಿಷ್ಠಾನಗಳು ಮನೆಗಳನ್ನು ಕೊಂಡು ಬಾಡಿಗೆಗೆ ಕೊಟ್ಟವು. ಮುಂದಿನ ಒಂದೂವರೆ ದಶಕದಲ್ಲಿ ಅಲ್ಲಿ ಮನೆಯಿಲ್ಲದವರ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಕೆನಡಾದಲ್ಲೂ 2009ರಿಂದ 2013ರವರೆಗೆ ಐದು ನಗರಗಳಲ್ಲಿ 2000ಕ್ಕೂ ಹೆಚ್ಚು ಜನರೊಂದಿಗೆ ಇದನ್ನು ಪರೀಕ್ಷಿಸಿದರು. ಷರತ್ತಿಲ್ಲದೆ ಮನೆ ಪಡೆದವರೇ ಹೆಚ್ಚು ಕಾಲ ಸೂರಿನಡಿ ನೆಲೆನಿಂತರು. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ಹಂಗಿಲ್ಲದ ನೆರವು. ಹಂಗಿನ ತುತ್ತು ಗಂಟಲಿನಲ್ಲಿ ಇಳಿಯುವುದಿಲ್ಲ ಎಂಬುದು ಉಂಡವರಿಗೇ ಗೊತ್ತು.

ಹಾಗೆಂದು ನಿಮ್ಮ ದಣಿವನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ವರ್ಷ ಊಟ ಬಡಿಸಿದ ಮೇಲೂ ಆ ಹೆಂಗಸರು ರಾತ್ರಿ ಎಲ್ಲಿ ಮಲಗುತ್ತಾರೆಂದು ಸಂಸ್ಥೆಗೆ ತಿಳಿಯದಿದ್ದರೆ, ಅದು ಸಂಸ್ಥೆಯ ಲೋಪ. ಊಟದ ಸಾಲು ಒಂದು ಬಾಗಿಲು. ಅದರಾಚೆಗೆ ಇನ್ನೊಂದು ಕೋಣೆ ಇರಬೇಕು. ಕಾಗದಪತ್ರ ಇಡಲು ಬೀಗವಿರುವ ಪೆಟ್ಟಿಗೆ, ಪತ್ರ ತರಿಸಿಕೊಳ್ಳಲು ಒಂದು ವಿಳಾಸ, ಬಟ್ಟೆ ಒಗೆಯಲು ನೀರು, ಮುಟ್ಟಿನ ದಿನಗಳಿಗೆ ಬೇಕಾದ ಪ್ಯಾಡ್, ಬಾಡಿಗೆಯ ಮುಂಗಡಕ್ಕೆ ಸ್ವಲ್ಪ ಹಣ. ತರಬೇತಿಯೂ ಇರಲಿ, ಆದರೆ ತಟ್ಟೆಯ ಪಕ್ಕದಲ್ಲಿರಲಿ, ತಟ್ಟೆಗೆ ಅಡ್ಡವಾಗಿ ಅಲ್ಲ. ಮಕ್ಕಳಿಗೆ ಬಡಿಸಿ "ನನ್ನದಾಯಿತು" ಎಂದು ಸುಳ್ಳು ಹೇಳುವ ತಾಯಂದಿರು ಎಲ್ಲ ದೇಶಗಳಲ್ಲೂ ಇದ್ದಾರೆ. ಆಕೆಯೂ ಕುಳಿತು ಉಣ್ಣುವಂತೆ ನೋಡಿಕೊಳ್ಳಿ.

ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಗತ್ತಿನ ಮೊದಲ ಆಹಾರ ಬ್ಯಾಂಕ್ ಆರಂಭವಾಯಿತು. ಅದನ್ನು ಕಟ್ಟಿದ ಜಾನ್ ವ್ಯಾನ್ ಹೆಂಗಲ್ ಅವರಿಗೆ ಆ ಕಲ್ಪನೆ ಕೊಟ್ಟವಳು ಅಂಗಡಿಯ ಹಿಂದಿನ ಕಸದ ತೊಟ್ಟಿಯಲ್ಲಿ ಮಕ್ಕಳಿಗಾಗಿ ಆಹಾರ ಆಯುತ್ತಿದ್ದ ಒಬ್ಬ ತಾಯಿ. ಎಸೆಯುವುದನ್ನು ಬ್ಯಾಂಕಿನಲ್ಲಿ ಹಣವಿಟ್ಟಂತೆ ಒಂದೆಡೆ ಇಟ್ಟು, ಬೇಕಾದವರು ತೆಗೆದುಕೊಳ್ಳುವಂತಿರಬೇಕು ಎಂದಿದ್ದಳು.

ಮುಂದಿನ ವಾರ ಬಡಿಸುವ ಸೌಟನ್ನು ಬೇರೆಯವರಿಗೆ ಕೊಟ್ಟು, ಆ ಹಳೆಯ ಮುಖಗಳ ನಡುವೆ ಕುಳಿತುಕೊಳ್ಳಿ. ತರಬೇತಿಯ ಮಾತು ತೆಗೆಯಬೇಡಿ. ಅವರಿಗೆ ಮೊದಲು ಏನು ಬೇಕೆಂದು ಕೇಳಿ. ಅವರು ಹೇಳಿದ್ದನ್ನು ನಮಗೆ ಬರೆಯಿರಿ. ಈ ಪುಟದಲ್ಲಿಯೇ ಪ್ರಕಟಿಸುತ್ತೇವೆ.

— ಸಂಪಾದಕ