ಪ್ರವಾಸ ಪ್ರಶ್ನೋತ್ತರ: ಡ್ಯಾನ್ಯೂಬ್ ದಂಡೆಯಲ್ಲಿ ಮೂರು ದಿನ

ಪ್ರಶ್ನೆ: ವಿಯೆನ್ನಾದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಅಲ್ಲಿಂದ ಮೂರು ದಿನ ಬುಡಾಪೆಸ್ಟ್‌ಗೆ ಹೋಗುವ ಆಸೆ. ಮನೆಯವರಿಗೆ ಮಂಡಿನೋವು. ಹೊಳೆಯಲ್ಲಿ ದೋಣಿವಿಹಾರ ಮಾಡಿದರೆ ಊರು ನೋಡಿದ ಹಾಗಾಗುತ್ತದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದೋಣಿಯ ದುಡ್ಡು ಉಳಿಸಿ, ಟ್ರಾಮ್ ಹತ್ತಿ. ಡ್ಯಾನ್ಯೂಬ್ ಇಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಪಡುವಣ ದಂಡೆಯ ಗುಡ್ಡಗಾಡು ಬುಡಾ, ಮೂಡಣ ದಂಡೆಯ ಬಯಲು ಪೆಸ್ಟ್. 1873ರಲ್ಲಿ ಇವೆರಡೂ ಹಳೇ ಬುಡಾದ ಜೊತೆ ಸೇರಿ ಒಂದೇ ಊರಾದವು.

ಪೆಸ್ಟ್ ಕಡೆಯ ಯಾಸೈ ಮಾರಿ ತೇರ್‌ನಲ್ಲಿ 2ನೇ ನಂಬರ್ ಟ್ರಾಮ್ ಹತ್ತಿ. (ತೇರ್ ಎಂದರೆ ಅಲ್ಲಿ ಚೌಕ, ಎಳೆಯುವ ತೇರಲ್ಲ.) ಹೊಳೆ ಕಾಣಲು ಬಲಬದಿಯ ಕಿಟಕಿ ಹಿಡಿಯಿರಿ. ಸಂಸತ್ ಭವನದ ಬಳಿ ಸುತ್ತಿ, ಹೊಳೆ ದಾಟದೆ 1849ರ ಚೈನ್ ಬ್ರಿಜ್ ಪಕ್ಕದಲ್ಲೇ ಹಾದು ಫೋವಾಮ್ ತೇರ್‌ಗೆ ಬರುತ್ತದೆ. ಅಲ್ಲಿಳಿದರೆ 1897ರ ದೊಡ್ಡ ಮಾರುಕಟ್ಟೆ. ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಮುಂದೆ 47 ಅಥವಾ 49ರಲ್ಲಿ ಸೇತುವೆ ದಾಟಿ ಗೆಲ್ಲೆರ್ಟ್ ತೇರ್, ಅಲ್ಲಿಂದ 19 ಅಥವಾ 41ರಲ್ಲಿ ಬಾಟ್ಯಾನಿ ತೇರ್. ಸಂಸತ್ ಭವನ ಎದುರು ದಂಡೆಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿದೆ, ಆದ್ದರಿಂದ ಇಲ್ಲಿಗೆ ಸಂಜೆಯೇ ಬನ್ನಿ. ಬೆಳಿಗ್ಗೆ ಬಂದವರ ಫೋಟೊದಲ್ಲಿ ಬರೀ ಕಪ್ಪು ಗೋಪುರ ಇರುತ್ತದೆ. ವಾಪಸಾಗಲು ಹೊಳೆಯಡಿ ಹೋಗುವ ಎಂ2 ಮೆಟ್ರೊ, ಒಂದೇ ಸ್ಟಾಪ್.

ಮಂಡಿನೋವಿಗೆ ತೊಂದರೆ ಕೊಡುವುದು ಎರಡು. 2ನೇ ನಂಬರಿಗೆ ಓಡುವ ಹಳೆಯ ಟ್ರಾಮ್‌ಗಳ ಮೆಟ್ಟಿಲು ಎತ್ತರ. ಕಂಬಿ ಹಿಡಿದು ನಿಧಾನ ಹತ್ತಲಿ. ಎಂ2ರ ಎಸ್ಕಲೇಟರ್ ಬಲು ಉದ್ದ, ವೇಗವೂ ಹೆಚ್ಚು. ಬುಡಾ ಕಡೆಯ ಕೋಟೆಗುಡ್ಡಕ್ಕೆ ನಡೆಯಬೇಕಿಲ್ಲ. ಡೆಯಾಕ್ ತೇರ್‌ನಿಂದ 16ನೇ ನಂಬರ್ ಬಸ್ ಮೇಲಕ್ಕೇ ಬಿಡುತ್ತದೆ. 1870ರ ಹಗ್ಗದ ರೈಲು ಚೆಂದವೇ, ಆದರೆ ಬೇರೆ ಟಿಕೆಟ್, ಉದ್ದ ಕ್ಯೂ.

72 ಗಂಟೆಯ ಪಾಸ್ ತಗೊಳ್ಳಿ. ಬಿಡಿ ಟಿಕೆಟ್ ಕೊಂಡರೆ ಸಾಲದು, ಯಂತ್ರದಲ್ಲಿ ಗುರುತು ಹಾಕಿಸಬೇಕು. ಟಿಕೆಟ್ ಕಿಸೆಯಲ್ಲಿದ್ದೂ ದಂಡ ಕಟ್ಟುವ ಪ್ರವಾಸಿಗರು ಇದನ್ನು ಮರೆತವರೇ. ಇನ್ನು ದುಡ್ಡು. ಆಸ್ಟ್ರಿಯಾದ ಯೂರೋ ಅಲ್ಲಿಯದಲ್ಲ, ಅಲ್ಲಿರುವುದು ಫೋರಿಂಟ್. ಕಾರ್ಡ್ ಯಂತ್ರ ‘ರೂಪಾಯಿಯೋ ಫೋರಿಂಟೋ’ ಎಂದು ಕೇಳಿದರೆ ಫೋರಿಂಟ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕೈ ಸುಡುತ್ತದೆ. ವೀಸಾ ಬೇರೆ ಬೇಡ, ಆಸ್ಟ್ರಿಯಾದ ಷೆಂಗೆನ್ ವೀಸಾವೇ ಸಾಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ ಒಯ್ಯಬಹುದೇ?
– ಓದುಗರು, ಸಾಗರ

ಉತ್ತರ: ಉಪ್ಪಿನಕಾಯಿ ಸರಿ, ಆದರೆ ಚೆಕ್-ಇನ್ ಬ್ಯಾಗಿನಲ್ಲಿ, ಎಣ್ಣೆ ಜಿನುಗದಂತೆ ಎರಡು ಪ್ಲಾಸ್ಟಿಕ್ ಚೀಲ. ತುಪ್ಪ, ಪೇಡ ಬೇಡ: ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ ಎಂಬುದು ಐರೋಪ್ಯ ಒಕ್ಕೂಟದ ನಿಯಮ. ಅಲ್ಲಿ ಲಾಂಗೋಶ್ ತಿನ್ನಿ. ಹುದುಗಿಸಿದ ಗೋಧಿಹಿಟ್ಟಿನ ದೊಡ್ಡ ಪೂರಿಯಂಥದ್ದು, ಮೇಲೆ ಬೆಳ್ಳುಳ್ಳಿ, ಹುಳಿಕೆನೆ, ತುರಿದ ಚೀಸ್. ಕರಿದದ್ದು ಎಣ್ಣೆಯಲ್ಲೋ ಹಂದಿಕೊಬ್ಬಿನಲ್ಲೋ ಎಂದು ಕೇಳಿಯೇ ತಿನ್ನಿ. ಕೊಬ್ಬಿಗೆ ಅವರು ‘ಝೀರ್’ ಎನ್ನುತ್ತಾರೆ. ಹುರುಳಿಕಾಯಿ ಬೀಜದ ಸಾರನ್ನು ನಂಬಬೇಡಿ, ಅದರಲ್ಲಿ ಹೊಗೆಗಿಟ್ಟ ಮಾಂಸ ಹಾಕುವುದು ವಾಡಿಕೆ. ‘ಹೂಶ್ ನೇಲ್ಕುಲ್’, ಅಂದರೆ ಮಾಂಸವಿಲ್ಲದೆ, ಎಂಬ ಮಾತು ಬಾಯಿಪಾಠ ಮಾಡಿಕೊಳ್ಳಿ.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ಅಲ್ಲೂ ನೆರೆ ಬರುತ್ತದಂತೆ?
– ಓದುಗರು, ಶಿವಮೊಗ್ಗ

ಉತ್ತರ: ಬರುತ್ತದೆ, ಆದರೆ ನಮ್ಮ ಲೆಕ್ಕದಲ್ಲಲ್ಲ. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೆಂದರೆ ತುಂಗೆ ತುಂಬಿತು ಎನ್ನುತ್ತೇವೆ. ಅದು ಆಷಾಢ, ಶ್ರಾವಣದ ಮಾತು. ಡ್ಯಾನ್ಯೂಬ್ ಏರುವುದು ಆಲ್ಪ್ಸ್ ಹಿಮ ಕರಗಿ, ಜೊತೆಗೆ ಮಳೆಯೂ ಹೊಯ್ದಾಗ. 2013ರ ಜೂನ್‌ನಲ್ಲಿ ಬುಡಾಪೆಸ್ಟ್ ಮಾಪನದಲ್ಲಿ 891 ಸೆಂಟಿಮೀಟರ್ ದಾಖಲೆ ಮುಟ್ಟಿತ್ತು. ನೆರೆ ಬಂದಾಗ ಮೊದಲು ಮುಳುಗುವುದು ದಂಡೆಯ ಕೆಳರಸ್ತೆ. ಹೆಚ್ಚಾದರೆ 2ನೇ ಟ್ರಾಮೂ ನಿಲ್ಲುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು, ಜನಜಂಗುಳಿ. ಸೆಪ್ಟೆಂಬರ್ ಒಳ್ಳೆಯದು: ಹವೆ ಹಿತ, ಅಡಿಕೆ ಕೊಯ್ಲಿಗೂ ವಾಪಸ್ ಬರಬಹುದು.