ತಡೆದ ಉತ್ತರ, ಕೇಳದೆ ಉಳಿದ ಮಾತು

ಅಂತರ್ಜಾಲದ ವಿಜ್ಞಾನ ಬಳಗಗಳಲ್ಲಿ ಅಪರಿಚಿತರ ಪ್ರಶ್ನೆಗಳಿಗೆ ಉತ್ತರಿಸುತ್ತ, ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವ ಹೊಣೆ ಹೊತ್ತವರು ಒಂದೇ ಬಗೆಯ ಅಳಲಿನೊಂದಿಗೆ ಆಪ್ತಸಲಹೆಗಾಗಿ ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ಅಂಥ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಅವರು ರಸಾಯನಶಾಸ್ತ್ರದ ಸಂಶೋಧಕರು. ಒಂದು ರಾತ್ರಿ ಯಾರೋ ಒಂದು ವಿಷಾನಿಲದ ಮಾರಕ ಪ್ರಮಾಣ ಎಷ್ಟೆಂದು ಕೇಳಿದ್ದರು. ಇವರು ಆ ಪ್ರಶ್ನೆಯನ್ನು ಅಳಿಸಿ, ಕೇಳಿದವರನ್ನು ಬಳಗದಿಂದ ಹೊರಹಾಕಿದರು. ಎರಡು ನಿಮಿಷದ ಕೆಲಸ. ಆಮೇಲೆ ನಾಲ್ಕು ತಿಂಗಳು ಅವರಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲ ಮೂರು ಭೇಟಿಗಳಲ್ಲಿ ಅವರು ಜ್ಞಾನವನ್ನು ಮುಚ್ಚಿಡುವುದು ಸರಿಯೇ ಎಂಬುದನ್ನಷ್ಟೇ ಚರ್ಚಿಸಿದರು. ಹಕ್ಕಿಜ್ವರದ ಎಚ್5ಎನ್1 ವೈರಾಣು ಸಸ್ತನಿಗಳ ನಡುವೆ ಗಾಳಿಯಲ್ಲಿ ಹರಡುವಂತೆ ಮಾಡಿದ ಎರಡು ಸಂಶೋಧನೆಗಳ ವಿಧಾನವನ್ನು ಪ್ರಕಟಿಸಬಾರದೆಂದು 2011ರ ಡಿಸೆಂಬರ್‌ನಲ್ಲಿ ಹೇಳಿದ್ದ ಅಮೆರಿಕದ ಜೈವಿಕ ಭದ್ರತಾ ಸಲಹಾ ಮಂಡಳಿಯೇ, 2012ರ ಮಾರ್ಚ್‌ನಲ್ಲಿ ಪರಿಷ್ಕೃತ ಪ್ರಬಂಧಗಳ ಪ್ರಕಟಣೆಯತ್ತ ವಾಲಿತು. ತಜ್ಞರೇ ಹೀಗೆ ನಿಲುವು ಬದಲಿಸುವಾಗ ತಾವು ಎರಡು ನಿಮಿಷದಲ್ಲಿ ತೀರ್ಮಾನಿಸಿದ್ದು ಹೇಗೆ ಸರಿಯಾದೀತು ಎಂದು ಅವರು ಕೇಳುತ್ತಿದ್ದರು.

ನಾಲ್ಕನೆಯ ಭೇಟಿಯಲ್ಲಿ ಅವರು ಫೋನಿನ ಕವರಿನೊಳಗಿಂದ ಒಂದು ಚೀಟಿ ತೆಗೆದರು. ಅಳಿಸಿದ ಪ್ರಶ್ನೆಯನ್ನು ಅಂದೇ ನೆನಪಿನಿಂದ ಬರೆದಿಟ್ಟುಕೊಂಡಿದ್ದರು. ಬಿಡಿಸಿ ಮಡಚಿ ಕಾಗದ ಮಡಿಕೆಗಳಲ್ಲಿ ಹರಿಯತೊಡಗಿತ್ತು. ಕೊನೆಯ ಸಾಲಿನಲ್ಲಿ “ತುಂಬಾ ನೋವಾಗುತ್ತದೆಯೇ?” ಎಂದಿತ್ತು.

“ಉತ್ತರ ಕೊಡದಿದ್ದಕ್ಕೆ ನನಗೆ ಬೇಸರವಿಲ್ಲ ಮೇಡಂ. ಈ ಸಾಲು ಓದಿದ ಮೇಲೂ ನನಗೆ ಕಂಡದ್ದು ನಿಯಮದ ಉಲ್ಲಂಘನೆ ಮಾತ್ರ, ಮನುಷ್ಯ ಕಾಣಲೇ ಇಲ್ಲ,” ಎಂದರು.

ನಿಮ್ಮದೇನೂ ತಪ್ಪಿಲ್ಲ ಎಂದು ನಾನು ಸಮಾಧಾನಪಡಿಸಲಿಲ್ಲ. ಇದನ್ನು ನನ್ನ ಸಹೋದ್ಯೋಗಿಯೊಬ್ಬರು ಕಠಿಣವೆಂದು ಆಕ್ಷೇಪಿಸಿದರು. ಆದರೆ ಆ ಸಂಶೋಧಕರು ತಮ್ಮ ಎರಡು ಕೆಲಸಗಳನ್ನು ಒಂದೇ ಎಂದು ಭಾವಿಸಿ ನರಳುತ್ತಿದ್ದರು. ಒಂದು ಸರಿಯಿತ್ತು, ಇನ್ನೊಂದು ಸರಿಯಿರಲಿಲ್ಲ ಎಂದು ಬಿಡಿಸಿ ಹೇಳದೆ ಆ ನರಳಿಕೆಗೆ ಕೊನೆಯಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಪ್ರಮಾಣವನ್ನು ಹೇಳದೆ ಉಳಿದದ್ದು ಸರಿ. ಬೇರೆಡೆ ಸಿಕ್ಕೇ ಸಿಗುತ್ತದಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸಾಯಬೇಕೆನ್ನುವ ತೀವ್ರ ಒತ್ತಡ ಬಹಳಷ್ಟು ಜನರಲ್ಲಿ ಸ್ವಲ್ಪ ಹೊತ್ತಿನದಾಗಿರುತ್ತದೆ ಮತ್ತು ಹುಡುಕಾಟದಲ್ಲಿ ಕಳೆಯುವ ಆ ಹೊತ್ತೇ ಜೀವ ಉಳಿಸಬಲ್ಲದು. ವಿಯೆನ್ನಾದ ಪತ್ರಿಕೆಗಳು 1987ರ ಮಧ್ಯಭಾಗದಿಂದ ಸುರಂಗ ರೈಲಿನ ಆತ್ಮಹತ್ಯೆಗಳ ರೋಚಕ ವರದಿಗಳನ್ನು ಕೈಬಿಟ್ಟಾಗ ಅಂಥ ಸಾವುಗಳು ಗಣನೀಯವಾಗಿ ಇಳಿದವು. ವಿಧಾನದ ವಿವರ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಹೇಳುವುದೂ ಇದೇ ಕಾರಣಕ್ಕೆ. ಅದರ ಜೊತೆಗೇ ಇನ್ನೊಂದು ಮಾತನ್ನು ನಮ್ಮ ವೃತ್ತಿ ಕಲಿಸಿದೆ: ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆದ್ದರಿಂದ ವಿಧಾನವನ್ನು ಮುಚ್ಚಿಡುವವರು ಮಾತುಕತೆಯನ್ನೂ ಮುಚ್ಚಬೇಕಾಗಿಲ್ಲ. ಆ ಅನಿಲ ದೇಹಕ್ಕೆ ಏಕೆ ಅಪಾಯ, ಉಸಿರಿಗೆ ಸಿಕ್ಕಿದವರನ್ನು ಹೇಗೆ ಕಾಪಾಡಬೇಕು, ಶುಚಿಗೊಳಿಸುವ ರಾಸಾಯನಿಕಗಳನ್ನು ಏಕೆ ಒಂದಕ್ಕೊಂದು ಬೆರೆಸಬಾರದು ಎಂಬುದನ್ನು ಬಳಗದಲ್ಲಿ ಧಾರಾಳವಾಗಿ ಹೇಳಲಿ.

ಹೊರಹಾಕಿದ್ದು ಮಾತ್ರ ಸರಿಯಲ್ಲ. ಇನ್ನು ಮುಂದೆ ಇಂಥ ಪ್ರಶ್ನೆಯನ್ನು ಅಳಿಸಿದರೆ ಕೇಳಿದವರಿಗೆ ಅಂದೇ ಖಾಸಗಿಯಾಗಿ ಬರೆಯಬೇಕು, ಸಹಾಯವಾಣಿಯ ಸಂಖ್ಯೆ ಕೊಡಬೇಕು, ಒಬ್ಬರೇ ಆ ಭಾರ ಹೊರದೆ ಇನ್ನೊಬ್ಬರನ್ನೂ ಜೊತೆಗೆ ಕರೆದುಕೊಳ್ಳಬೇಕು ಎಂದು ಸಲಹೆ ಕೊಟ್ಟೆ. ಆ ರಾತ್ರಿ ಕೇಳಿದವರು ಏನಾದರೆಂಬುದು ಇಂದಿಗೂ ಗೊತ್ತಾಗಿಲ್ಲ. ಅದರೊಂದಿಗೆ ಬದುಕುವುದನ್ನು ಅವರು ಇನ್ನೂ ಕಲಿಯುತ್ತಿದ್ದಾರೆ.

ಮುಂದೆ ಇಂಥ ಪ್ರಶ್ನೆ ಕೇಳಿದವರಿಗೆ ಕಳುಹಿಸಬೇಕಾದ ಪತ್ರದ ಕರಡನ್ನು ಇಬ್ಬರೂ ಕೂತು ಬರೆದೆವು. ನಾನು “ಇದನ್ನು ಏಕೆ ಕೇಳುತ್ತಿದ್ದೀರಿ?” ಎಂದು ಆರಂಭಿಸಿದ್ದೆ. ಅವರು ಅದನ್ನು ಹೊಡೆದುಹಾಕಿ, ಮೇಲೆ “ಹೇಗಿದ್ದೀರಿ?” ಎಂದು ಬರೆದರು.